ಅವ್ವನಿಗೆ 'ಹ' ಬರಲ್ವಾ?

ನಾನು ತಿಪಟೂರಿನವಳು, ಮನೆಮಾತು ಕನ್ನಡ. ನಮ್ಮ ಯಜಮಾನರು ಶ್ರೀನಿವಾಸಪುರದ ಹತ್ತಿರದ ಹಳ್ಳಿಯವರು, ಮನೆಯಲ್ಲಿ ತೆಲುಗು. ಸಂಸಾರ ಕೋಲಾರದಲ್ಲಿ. ಮಗಳು ಹುಟ್ಟಿದಾಗ ಒಂದು ನಿಯಮ ಮಾಡಿಕೊಂಡೆವು: ಅವಳ ಜೊತೆ ನಾನು ಬರೀ ಕನ್ನಡ, ಅವರು ಬರೀ ತೆಲುಗು. ಇದು ಹಳೇ ಉಪಾಯ. ಫ್ರೆಂಚ್ ಭಾಷಾತಜ್ಞ ಜೂಲ್ ರೋನ್ಜಾ ತನ್ನ ಮಗನನ್ನು ಹೀಗೇ ಫ್ರೆಂಚ್, ಜರ್ಮನ್ ಎರಡರಲ್ಲೂ ಬೆಳೆಸಿ 1913ರಲ್ಲೇ ಬರೆದಿಟ್ಟಿದ್ದಾನೆ.

ಎರಡು ವರ್ಷಕ್ಕೆ, ಹಾಲು ಬೇಕಾದರೆ "ಪಾಲು ಬೇಕು" ಅಂತ ಎರಡೂ ಭಾಷೆ ಕಲಸಿ ಮಾತಾಡುತ್ತಿದ್ದಳು. ಪ್ಲೇಹೋಮ್ ಟೀಚರ್ ಒಬ್ಬರು "ಒಂದು ಭಾಷೆ ಬಿಡಿಸಿಬಿಡಿ" ಅಂದರು. ಸ್ವಲ್ಪ ಹೆದರಿದೆ. ಆಮೇಲೆ ಅವಳಿಗೆ ಬರುವ ಪದಗಳನ್ನೆಲ್ಲ ಬರೆದು, ಎರಡೂ ಭಾಷೆಯದನ್ನು ಕೂಡಿಸಿ ನೋಡಿದೆ. ಕಡಿಮೆಯೇನೂ ಇರಲಿಲ್ಲ. ಬಿಡಿಸಲಿಲ್ಲ.

ಕೈಕೊಟ್ಟಿದ್ದು ಮೂರು ತುಂಬಿದ ಮೇಲೆ. ಅಪ್ಪ ತೆಲುಗಿನಲ್ಲಿ ಕೇಳಿದರೆ ಇವಳು ಕನ್ನಡದಲ್ಲಿ ಉತ್ತರ ಕೊಡುತ್ತಿದ್ದಳು. ಒಂದು ಸಲ ಅವರು ಅರ್ಥವಾಗದವರ ಹಾಗೆ ಮುಖ ಮಾಡಿದರು. "ಈಗ ತಾನೆ ತರಕಾರಿಯವನ ಹತ್ರ ಕನ್ನಡದಲ್ಲಿ ಜಗಳ ಆಡಿದ್ಯಲ್ಲಪ್ಪ" ಅಂದಳು! ಅಲ್ಲಿಗೆ ನಿಯಮದ ಕಥೆ ಮುಗಿಯಿತು. ಕೋಲಾರದಲ್ಲಿ ಅಂಗಡಿಯವರಿಗೂ, ಆಟೋದವರಿಗೂ ಎರಡೂ ಬರುತ್ತದೆ. ಯಾವುದರಲ್ಲಿ ಕೇಳಿದರೂ ಬಿಸ್ಕತ್ತು ಸಿಗುತ್ತದೆ. ಕಷ್ಟಪಡಬೇಕಾದ ಅಗತ್ಯವೇ ಇಲ್ಲ, ಅಲ್ವಾ?

ಕನ್ನಡ ಬಾರದವರು ನಮ್ಮ ಮನೆಯಲ್ಲಿ ಒಬ್ಬರೇ, ನಮ್ಮತ್ತೆ. ಮಗಳಿಗೆ ಅವರು 'ಅವ್ವ'. ನಾಲ್ಕನೇ ವರ್ಷದ ಬೇಸಿಗೆಯಲ್ಲಿ, ಮಾವಿನಕಾಯಿ ಕೀಳುವ ಕಾಲಕ್ಕೆ, ಅವಳನ್ನು ಹಳ್ಳಿಯಲ್ಲಿ ಅವರ ಹತ್ತಿರ ಬಿಟ್ಟು ಬಂದೆವು. ಮೊದಲ ಎರಡು ದಿನ ಫೋನಿನಲ್ಲಿ ಬರೀ ಅಳು. ಮೂರನೇ ದಿನ ಫೋನಿಗೇ ಬರಲಿಲ್ಲ, ಹಿಂದಿನಿಂದ "ನಾಕು ವದ್ದು" (ನಂಗೆ ಬೇಡ) ಅಂತ ಕೂಗಿದ್ದು ಕೇಳಿಸಿತು. ತಿಂಗಳು ಕಳೆದು ಬಂದಾಗ ಬೈಗುಳ ಸಮೇತ ತೆಲುಗು ಬಂದಿತ್ತು. ಅವತ್ತಿನಿಂದ ದಿನಾ ಸಂಜೆ ಅವ್ವನಿಗೆ ಫೋನ್. ನಾವು ಮಧ್ಯೆ ಬಾಯಿ ಹಾಕುವುದಿಲ್ಲ, ಪದ ಸಿಗದೆ ತಡವರಿಸಿದರೂ.

ಒಂದು ಸಲ ಅವ್ವನ ಊರಿಂದ ಸೀದಾ ತಿಪಟೂರಿಗೆ ಹೋದಾಗ ಒಂದು ಫಜೀತಿ. ಇವಳು "ನೀಳ್ಳು, ನೀಳ್ಳು" ಅಂತ ನೀರು ಕೇಳುತ್ತಿದ್ದಾಳೆ. ಅಡುಗೆಮನೆಗೆ ಹೊರಟಿದ್ದ ನಮ್ಮಮ್ಮ ನಿಂತಲ್ಲೇ ನಿಂತು, "ನಿಂತಿದೀನಲ್ಲೇ, ಇನ್ನೆಷ್ಟು ಹೊತ್ತು?" ಅಂತಾರೆ. ಅಮ್ಮನಿಗೆ ತೆಲುಗು ಒಂದಕ್ಷರ ಬರುವುದಿಲ್ಲ. ಅದೇ ಒಳ್ಳೆಯದಾಯಿತು. ಯಾವ ಅಜ್ಜಿಗೆ ಯಾವ ಮಾತು ಅನ್ನುವುದನ್ನು ಎರಡೇ ದಿನದಲ್ಲಿ ತಾನೇ ಬೇರೆ ಮಾಡಿಕೊಂಡಳು.

ಐದಕ್ಕೆ ಒಂದು ಪ್ರಶ್ನೆ ತಂದಳು. "ಹಾಲು ಪಾಲು, ಹುಲಿ ಪುಲಿ, ಹಾವು ಪಾಮು. ಅವ್ವನಿಗೆ 'ಹ' ಬರಲ್ವಾ?" ನಮ್ಮ ಹಳಗನ್ನಡದಲ್ಲೂ ಪಾಲ್, ಪುಲಿ ಅಂತಲೇ ಇತ್ತು, 'ಹ' ಮಾಡಿಕೊಂಡವರು ನಾವು ಅಂದೆ. ಅವಳು ತಲೆ ಕೆಡಿಸಿಕೊಳ್ಳಲಿಲ್ಲ. ಸೂತ್ರ ಸಿಕ್ಕಿತಲ್ಲ, ಸಾಕು. ಅವ್ವ ಮಾಡಿದ ಪಪ್ಪನ್ನು ನಮ್ಮಮ್ಮನ ಹತ್ತಿರ "ಹಪ್ಪು" ಅಂತ ಕೇಳಿದಳು. ತೊವ್ವೆ ಅಂತ ಗೊತ್ತಾಗುವಷ್ಟರಲ್ಲಿ ಅಮ್ಮ ಹಪ್ಪಳ ಕರಿದಿಟ್ಟಿದ್ದರು.

ಈಗ ಎಂಟು. ಕನ್ನಡ ಓದುತ್ತಾಳೆ. ತೆಲುಗು ಅಕ್ಷರ ನಾವು ಕಲಿಸಿಲ್ಲ. ಮೊನ್ನೆ ಶ್ರೀನಿವಾಸಪುರದ ಬಸ್‌ಸ್ಟ್ಯಾಂಡಿನಲ್ಲಿ ಆಂಧ್ರದ ಬಸ್ಸಿನ ಬೋರ್ಡು ನೋಡಿ 'ಮದನಪಲ್ಲೆ' ಅಂತ ತಡೆದು ತಡೆದು ಓದಿದಳು. ತೆಲುಗಿನ ತಲಕಟ್ಟು ನಮ್ಮದರ ಹಾಗೆ ಅಡ್ಡಗೆರೆಯಲ್ಲ, ರೈಟ್ ಮಾರ್ಕಿನ ಥರ ಇರುತ್ತದೆ.

"ಅಮ್ಮಾ, ಮ, ದ, ನ, ಪ... ಎಲ್ಲದಕ್ಕೂ ಮಿಸ್ ರೈಟ್ ಹಾಕಿದ್ದಾರೆ!"