ದೊಡ್ಡವರಾದ್ಮೇಲೂ ಗಮನ ನಿಲ್ತಿಲ್ಲ, ಚಡಪಡಿಕೆ ಹೋಗ್ತಿಲ್ಲ ಅಂದ್ರೆ ಏನ್ ಮಾಡ್ಬೇಕು

ಒಲೆ ಮೇಲೆ ಹಾಲಿಟ್ಟು ಚಾರ್ಜರ್ ಹುಡುಕೋಕೆ ಹೋಗಿ, ಅಲ್ಲಿ ಕರೆಂಟ್ ಬಿಲ್ ಕಂಡು ಕಟ್ಟೋಣ ಅಂತ ಕೂತು, ಅದನ್ನೂ ಕಟ್ದೆ ಇನ್ನೇನೋ ನೋಡ್ತಿರುವಾಗ ಸೀದ ವಾಸನೆ ಬರುತ್ತಲ್ಲ, ಇದು ಯಾವಾಗ್ಲೋ ಆದ್ರೆ ಪರವಾಗಿಲ್ಲ. ದಿನಾ ಆಗ್ತಾ, ಮನೆ ಆಫೀಸು ಎರಡೂ ಕಡೆ ತೊಂದ್ರೆ ಆಗ್ತಿದ್ರೆ ಎಡಿಎಚ್‌ಡಿ, ಅಂದ್ರೆ ಚಿಕ್ಕಂದಿನಿಂದ್ಲೇ ಗಮನ ನಿಲ್ದೇ ಚಡಪಡಿಕೆ ಇರೋ ಸಮಸ್ಯೆ, ಇರ್ಬಹುದು.

ದೊಡ್ಡೋರು ಮಕ್ಕಳ ಥರ ಓಡಾಡಲ್ಲ, ಚಡಪಡಿಕೆ ಒಳಗಿರುತ್ತೆ. ಕಾಲು ಕುಣಿಸೋದು, ಮಾತಿನ ಮಧ್ಯೆ ಬಾಯಿ ಹಾಕೋದು, ಕ್ಯೂನಲ್ಲಿ ನಿಲ್ಲೋಕಾಗ್ದೇ ಇರೋದು. ಲಕ್ಷಣಗಳು 12 ವರ್ಷಕ್ಕೆ ಮುಂಚೆನೇ ಶುರುವಾಗಿರ್ಬೇಕು, ಅದಕ್ಕೇ ಅಮ್ಮನ್ನ ಕೇಳಿ, ಹಳೇ ಮಾರ್ಕ್ಸ್ ಕಾರ್ಡ್ ತೆಗೀರಿ. ನಿದ್ದೆಗೆಟ್ರೂ, ಥೈರಾಯ್ಡ್, ಆತಂಕ, ಡಿಪ್ರೆಶನ್ ಇದ್ರೂ ಹೀಗೇ ಆಗುತ್ತೆ, ರೀಲ್ಸ್ ನೋಡಿ ನೀವೇ ತೀರ್ಮಾನ ಮಾಡ್ಬೇಡಿ ಪ್ಲೀಸ್.

ತುಮಕೂರಿನವರು ಮೊದ್ಲು ಇಲ್ಲೇ ಒಬ್ರು ಮನೋವೈದ್ಯರಿಗೆ ತೋರಿಸಿ, ಬೇಕಾದ್ರೆ ಬೆಂಗಳೂರಿನ ನಿಮ್ಹಾನ್ಸ್ ಇದೆ. ಮುಜುಗರ ಆದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಫ್ರೀ, ಕನ್ನಡದಲ್ಲೇ ಮಾತಾಡ್ತಾರೆ. ಮೀಥೈಲ್‌ಫೆನಿಡೇಟ್, ಆಟೊಮೊಕ್ಸೆಟಿನ್ ಥರದ ಮಾತ್ರೆಗಳನ್ನ ಡಾಕ್ಟರು ಬಿಪಿ, ಹಾರ್ಟ್ ವಿಚಾರಿಸಿ ಕೊಡ್ತಾರೆ, ಇನ್ನೊಬ್ರದ್ದು ತಗೊಂಡು ನುಂಗ್ಬೇಡಿ.

ಮನೇಲಿ ಏನ್ ಮಾಡ್ಬಹುದು ಅಂದ್ರೆ, ಬೆಳಿಗ್ಗೆ ಬೆಂಗಳೂರಿನ ಟ್ರೈನ್ ಹಿಡಿಯೋರು ಪಾಸು, ಬೀಗದಕೈ, ಐಡಿ ಕಾರ್ಡು ಮೂರನ್ನೂ ಒಂದೇ ಚೀಲಕ್ಕೆ ಹಾಕಿ ಬಾಗಿಲ ಪಕ್ಕದ ಮೊಳೆಗೆ ರಾತ್ರಿನೇ ನೇತಾಕಿ, ನೆನಪನ್ನ ನಂಬ್ಬೇಡಿ. "ಮನೆ ಕ್ಲೀನ್ ಮಾಡ್ಬೇಕು" ಅಂತ ಬರ್ಕೋಬೇಡಿ, "ಸಿಂಕಲ್ಲಿರೋ ನಾಲ್ಕು ತಟ್ಟೆ" ಅಂತ ಬರ್ಕೊಳ್ಳಿ. 15 ನಿಮಿಷ ಅಲಾರಂ ಇಟ್ಟು ಫೋನ್ ಬೇರೆ ರೂಮಲ್ಲಿಡಿ. ಪಕ್ಕದಲ್ಲಿ ಯಾರಾದ್ರೂ ಸುಮ್ನೆ ಕೂತಿದ್ರೂ ಎಷ್ಟೋ ಜನಕ್ಕೆ ಕೆಲಸ ಸಾಗುತ್ತೆ, ಮನೆಯವ್ರೇ, ಸೋಮಾರಿ ಅಂತ ಬೈಯೋ ಬದ್ಲು ಅದೊಂದು ಮಾಡಿ.