ಸ್ಕಾಲರ್‌ಶಿಪ್ ಚೇರ್ ಅಂದ್ರೆ ದುಡ್ಡು ಬರೋ ಕುರ್ಚಿ ಅಲ್ಲ

"ನನ್ನನ್ನು ಸ್ಕಾಲರ್‌ಶಿಪ್ ಚೇರ್ ಮಾಡಿದ್ದಾರೆ" ಅಂತ ದಾವಣಗೆರೆಗೆ ಫೋನ್ ಮಾಡಿ ಹೇಳಿದಾಗ ಅಪ್ಪ ಕೇಳಿದ್ದು ಒಂದೇ: "ವರ್ಷಕ್ಕೆ ಎಷ್ಟು ಕೊಡ್ತಾರೆ?" ಒಂದು ಪೈಸೆನೂ ಇಲ್ಲ, ಫೀಸು ಕಟ್ಟೋನು ನಾನೇ, ನಮ್ಮ ಫ್ರಟರ್ನಿಟಿಯ ನಲವತ್ತು ಹುಡುಗರು ಫೇಲಾಗದ ಹಾಗೆ ನೋಡಿಕೊಳ್ಳೋದು ನನ್ನ ಕೆಲಸ ಅಂತ ಬಿಡಿಸಿ ಹೇಳಿದೆ. "ಹಂಗಾದ್ರೆ ಕ್ಲಾಸ್ ಲೀಡರ್ ಅನ್ನು" ಅಂದು ಅಮ್ಮನ ಕೈಗೆ ಫೋನ್ ಕೊಟ್ಟರು.

ಅಮೆರಿಕದ ಕಾಲೇಜುಗಳಲ್ಲಿ ಫ್ರಟರ್ನಿಟಿ ಅನ್ನೋದು ಹುಡುಗರ ಸಂಘ. ಗ್ರೀಕ್ ಅಕ್ಷರದ ಹೆಸರು, ಒಂದು ದೊಡ್ಡ ಮನೆ, ಸದಸ್ಯರೆಲ್ಲ ಒಬ್ಬರಿಗೊಬ್ಬರು 'ಬ್ರದರ್'. ಸಿನಿಮಾದಲ್ಲಿ ನೋಡಿದವರಿಗೆ ಅಲ್ಲಿ ಬಿಯರ್ ಬಿಟ್ಟು ಬೇರೇನೂ ಇರಲ್ಲ ಅನಿಸುತ್ತೆ. ಆದರೆ 1776ರಲ್ಲಿ ವರ್ಜೀನಿಯಾದ ವಿಲಿಯಂ ಅಂಡ್ ಮೇರಿ ಕಾಲೇಜಿನಲ್ಲಿ ಹುಟ್ಟಿದ ಫೈ ಬೀಟಾ ಕಪ್ಪಾ ಅನ್ನೋ ಸಂಘದವರು ಸೇರುತ್ತಿದ್ದದ್ದು ಚರ್ಚೆ ಮಾಡೋದಕ್ಕೆ. ಈಗಿನ ಥರದ ಫ್ರಟರ್ನಿಟಿಗಳ ಬೇರು 1825ರ ಯೂನಿಯನ್ ಕಾಲೇಜಿನಲ್ಲಿದೆ. ನಮ್ಮ ಕಡೆಯವರೇ ಜಾಸ್ತಿ ಇರುವಂಥವೂ ಇವೆ, 1998ರಲ್ಲಿ ಟೆಕ್ಸಸ್‌ನ ಆಸ್ಟಿನ್‌ನಲ್ಲಿ ಶುರುವಾದ ಡೆಲ್ಟಾ ಎಪ್ಸಿಲಾನ್ ಸೈ ಅಂಥದ್ದು. ನಾನು ಸೇರಿದ್ದು ಮಾತ್ರ ಮಾಮೂಲಿ ಅಮೆರಿಕನ್ ಹುಡುಗರ ಮನೆ. ಭಾರತದವರು ಇಬ್ಬರೇ. ಪಿಯುಸಿಯಲ್ಲಿ ಇಂಟಿಗ್ರೇಷನ್ ಉರು ಹೊಡೆದಿದ್ದವನಿಗೆ ಅಲ್ಲಿನ ಕ್ಯಾಲ್ಕುಲಸ್ ಸಲೀಸಾಯಿತು, ಅದನ್ನು ನೋಡಿ ಈ ಹುದ್ದೆ ತಲೆಗೆ ಕಟ್ಟಿದರು.

ಆಗ ನಮ್ಮ ಫ್ರಟರ್ನಿಟಿ ಮನೆಯ ಪರಿಸ್ಥಿತಿ ಚೆನ್ನಾಗಿರಲಿಲ್ಲ. ಪ್ರತಿ ಸೆಮಿಸ್ಟರ್ ಯೂನಿವರ್ಸಿಟಿಯವರು ಎಲ್ಲಾ ಮನೆಗಳ ಸರಾಸರಿ ಜಿಪಿಎ (ಎಲ್ಲಾ ಸಬ್ಜೆಕ್ಟ್ ಗ್ರೇಡುಗಳ ಸರಾಸರಿ ಅಂಕ) ಪಟ್ಟಿ ಹಾಕುತ್ತಿದ್ದರು. ನಾವು ಕೆಳಗಿನಿಂದ ಎರಡನೆಯವರು. ಇನ್ನೊಂದು ಸಲ ಹೀಗಾದರೆ ಪಾರ್ಟಿ, ಹೊಸಬರ ಸೇರ್ಪಡೆ ಎಲ್ಲಾ ಬಂದ್ ಅಂತ ಪತ್ರ ಬಂದಿತ್ತು. ಯಾರು ಹಿಂದೆ ಬಿದ್ದಿದ್ದಾರೆ ಅಂತ ನನಗೆ ಗೊತ್ತಾಗಬೇಕಲ್ಲ, ಅದೂ ಕಷ್ಟ. 1974ರ ಒಂದು ಕಾನೂನಿನ ಪ್ರಕಾರ ಹುಡುಗ ಸಹಿ ಹಾಕಿ ಒಪ್ಪದಿದ್ದರೆ ಕಾಲೇಜು ಅವನ ಅಂಕಗಳನ್ನು ನಮಗೆ ತೋರಿಸುವ ಹಾಗಿಲ್ಲ. ಸಹಿ ಹಾಕದೇ ಇದ್ದವರೇ ನನಗೆ ಬೇಕಾಗಿದ್ದವರು.

ಮೊದಲು ಮಾಡಿದ್ದು ಎಲ್ಲರೂ ಮಾಡುವ ತಪ್ಪು. ವಾರಕ್ಕೆ ಎಂಟು ಗಂಟೆ ಲೈಬ್ರರಿ, ಹಾಜರಿ ಪುಸ್ತಕದಲ್ಲಿ ಸಹಿ. ಮೂರನೇ ವಾರ ಪುಸ್ತಕ ತೆಗೆದು ನೋಡಿದರೆ ಐದು ಜನರ ಸಹಿ ಒಂದೇ ಹಸಿರು ಪೆನ್ನಿನಲ್ಲಿತ್ತು. ಹೋಗಿ ಕೂತವರಾದರೂ ಓದುತ್ತಿದ್ದರಾ? ಇಯರ್‌ಫೋನ್ ಹಾಕಿಕೊಂಡು ಫುಟ್‌ಬಾಲ್ ನೋಡುತ್ತಿದ್ದರು. ಸುಮ್ನೆ ಬೈದು ಪ್ರಯೋಜನವಿಲ್ಲ ಅಂತ ಪುಸ್ತಕ ಎಸೆದೆ.

ಆಮೇಲೆ ನೆನಪಾಗಿದ್ದು ನಮ್ಮೂರಿನ ಕಂಬೈನ್ಡ್ ಸ್ಟಡಿ. ಪರೀಕ್ಷೆ ಹತ್ತಿರ ಬಂದಾಗ ಗೆಳೆಯನ ಮನೆ ಮಹಡಿ ಮೇಲೆ ಕೂತು, ಅರ್ಧ ಹರಟೆ ಅರ್ಧ ಓದು, ಮಧ್ಯೆ ಅವರಮ್ಮ ಕೊಡುವ ಕಾಫಿ. ಫ್ರಟರ್ನಿಟಿಯಲ್ಲಿ ಭಾನುವಾರ ಮನೆಯ ಅಡುಗೆಯವರಿಗೆ ರಜೆ, ಹುಡುಗರೆಲ್ಲ ಹಸಿದುಕೊಂಡು ಅಲೆಯುತ್ತಿದ್ದರು. ನಾನು ದೊಡ್ಡ ಪಾತ್ರೆಯಲ್ಲಿ ಚಿತ್ರಾನ್ನ ಕಲಸಿ ಊಟದ ಮೇಜಿನ ಮೇಲಿಟ್ಟೆ. ಪುಸ್ತಕ ತಂದವನಿಗೆ ತಟ್ಟೆ. ಮೊದಲ ವಾರ ಆರು ಜನ, ಒಂದು ತಿಂಗಳಲ್ಲಿ ಮೇಜು ಸಾಲದೆ ಇನ್ನೊಂದು ಎಳೆದುಕೊಂಡೆವು. ಹಸಿಮೆಣಸಿನಕಾಯಿ ಮಾತ್ರ ಎಲ್ಲರ ತಟ್ಟೆ ಅಂಚಿಗೆ ಬಂದು ಕೂರುತ್ತಿತ್ತು. 'ಕಂಬೈನ್ಡ್ ಸ್ಟಡಿ' ಅನ್ನೋ ಹೆಸರು ಅವರಿಗೆ ಬಹಳ ತಮಾಷೆಯಾಗಿ ಕಂಡು ಅದನ್ನೇ ಇಟ್ಟುಕೊಂಡರು.

ಅಲ್ಲಿ ನಾನು ಪಾಠ ಮಾಡುತ್ತಿರಲಿಲ್ಲ. ಹೋದ ಸೆಮಿಸ್ಟರ್ ಆ ಸಬ್ಜೆಕ್ಟ್ ಒದ್ದಾಡಿ ಪಾಸಾದವನನ್ನು ಈಗ ಓದುತ್ತಿರುವ ಇಬ್ಬರ ಪಕ್ಕ ಕೂರಿಸುತ್ತಿದ್ದೆ. ಎ ಬಂದವನಿಗಿಂತ ಸಿ ಪ್ಲಸ್ ಬಂದವನೇ ವಾಸಿ, ಎಲ್ಲಿ ಎಡವುತ್ತಾರೆ ಅಂತ ಅವನಿಗೆ ಗೊತ್ತು. ಸೆಮಿಸ್ಟರ್ ಮೊದಲ ವಾರ ಎಲ್ಲರ ಸಿಲೆಬಸ್ ಇಸಕೊಂಡು (ಅಲ್ಲಿ ಸಿಲೆಬಸ್‌ನಲ್ಲೇ ಪರೀಕ್ಷೆ ದಿನಾಂಕ ಇರುತ್ತೆ) ಅಡುಗೆಮನೆ ಬಾಗಿಲಿಗೆ ಒಂದು ದೊಡ್ಡ ಕ್ಯಾಲೆಂಡರ್ ಅಂಟಿಸಿದೆ. ಒಂಬತ್ತು ಜನಕ್ಕೆ ಕೆಮಿಸ್ಟ್ರಿ ಪರೀಕ್ಷೆ ಇರುವ ಹಿಂದಿನ ರಾತ್ರಿಯೇ ಪಾರ್ಟಿ ಇಟ್ಟಿದ್ದೆವು ಅಂತ ಆಗ ಗೊತ್ತಾಯಿತು, ಪಾರ್ಟಿ ಮುಂದೆ ಹೋಯಿತು. ಕ್ಯಾಲೆಂಡರ್‌ನಲ್ಲಿ ಕೆಂಪು ಬಣ್ಣದಲ್ಲಿ ಬರೆದದ್ದು ಒಂದೇ ದಿನ: ಕೋರ್ಸ್ (ಅಂದ್ರೆ ಒಂದು ಸಬ್ಜೆಕ್ಟ್) ಬಿಡಲು ಕಡೇ ದಿನ. ಅಷ್ಟರೊಳಗೆ ಬಿಟ್ಟರೆ ಜಿಪಿಎಗೆ ಪೆಟ್ಟಿಲ್ಲ. ಮುಳುಗುತ್ತಿರುವ ಸಬ್ಜೆಕ್ಟನ್ನು ಹಟಕ್ಕೆ ಹಿಡಿದುಕೊಂಡಿದ್ದ ಮೂವರನ್ನು ಅವತ್ತು ಬೆಳಿಗ್ಗೆ ಅಡ್ವೈಸರ್ ಹತ್ತಿರ ನಾನೇ ಕರೆದುಕೊಂಡು ಹೋದೆ. ಪಟ್ಟಿಯಲ್ಲಿ ನಾವು ಮೇಲೆ ಬಂದದ್ದಕ್ಕೆ ಚಿತ್ರಾನ್ನದಷ್ಟೇ ಈ ಕೆಂಪು ದಿನವೂ ಕಾರಣ.

ಇನ್ನು ಕಬ್ಬಿಣದ ಬೀರು. ಬೇಸ್‌ಮೆಂಟಿನಲ್ಲಿ ಇದ್ದ ಆ ಬೀರುವಿನೊಳಗೆ ಹಳೇ ಪ್ರಶ್ನೆಪತ್ರಿಕೆಗಳ ರಾಶಿ ಇತ್ತು, ಇಪ್ಪತ್ತು ವರ್ಷದ್ದು. ನಮ್ಮ ಕಡೆ ಹಳೇ ಪ್ರಶ್ನೆಪತ್ರಿಕೆ ಪುಸ್ತಕದಂಗಡಿಯಲ್ಲೇ ಮಾರುತ್ತಾರೆ, ಇದರಲ್ಲೇನು ತಪ್ಪು ಅಂದುಕೊಂಡಿದ್ದೆ. ಅಲ್ಲಿ ಹಾಗಲ್ಲ. ಪ್ರೊಫೆಸರ್ ವಾಪಸ್ ಕೊಡದೆ ಇಟ್ಟುಕೊಂಡ ಪೇಪರ್ ಹೇಗೋ ಹೊರಗೆ ಬಂದಿದ್ದರೆ, ಅದನ್ನು ನೋಡಿ ಓದಿದವನು ಕಾಪಿ ಹೊಡೆದವನ ಸಾಲಿಗೆ ಸೇರುತ್ತಾನೆ. ನಮ್ಮ ಹುಡುಗನೊಬ್ಬನಿಗೆ ವಿಚಾರಣೆಯೇ ಆಯಿತು. ಒಂದು ಶನಿವಾರ ಪೂರ್ತಿ ಕೂತು ಮೇಷ್ಟ್ರು ತಾವೇ ಹಂಚಿದ್ದನ್ನು ಮಾತ್ರ ಉಳಿಸಿದೆವು. ಎರಡು ಫೈಲು ಉಳಿಯಿತು. ಕೆಲವು ಸೀನಿಯರ್‌ಗಳು ನನ್ನ ಜೊತೆ ಒಂದು ವಾರ ಮಾತಾಡಲಿಲ್ಲ.

ಹೊಸಬರನ್ನು ಸೇರಿಸಿಕೊಳ್ಳುವುದಕ್ಕೆ 'ರಶ್' ಅಂತಾರೆ. ಒಂದು ವಾರ ಹುಡುಗರು ಮನೆ ಮನೆ ನೋಡಿಕೊಂಡು ಹೋಗುತ್ತಾರೆ, ನಾವು ರಾತ್ರಿ ಕೂತು ಯಾರಿಗೆ 'ಬಿಡ್' (ಸೇರೋದಕ್ಕೆ ಕರೆ) ಕೊಡೋದು ಅಂತ ಜಗಳ ಆಡುತ್ತೇವೆ. ಹೆಣ್ಣು ನೋಡುವ ಶಾಸ್ತ್ರದ ಹಾಗೇ, ಎರಡೂ ಕಡೆ ನಾಟಕ. ನಾವು ಒಂದು ಸಂಜೆಯನ್ನು ಕಂಬೈನ್ಡ್ ಸ್ಟಡಿಗೇ ಕರೆದೆವು. ಫೀಸು ಎಷ್ಟು, ವಾರಕ್ಕೆ ಎಷ್ಟು ಗಂಟೆ ಹೋಗುತ್ತೆ ಅನ್ನೋದನ್ನು ಕೇಳುವ ಮೊದಲೇ ಹೇಳಿದೆವು. ಬಂದವರು ಕಮ್ಮಿಯಾದರು, ಸೇರಿ ಮಧ್ಯದಲ್ಲಿ ಬಿಟ್ಟು ಹೋಗುವವರೂ ಕಮ್ಮಿಯಾದರು. ಹೊಸಬರನ್ನು ಗೋಳು ಹೊಯ್ದುಕೊಳ್ಳುವ ಚಾಳಿ ನಮ್ಮ ಮನೆಯಲ್ಲಿ ಇರಲಿಲ್ಲ ಅಂತ ಹೇಳಿದರೆ ಸುಳ್ಳಾಗುತ್ತೆ. ನಮ್ಮ ರ‍್ಯಾಗಿಂಗ್‌ಗೆ ಅಲ್ಲಿ ಹೇಜಿಂಗ್ ಅಂತಾರೆ. ರಾತ್ರಿಯೆಲ್ಲ ಎಬ್ಬಿಸಿ ಕೆಲಸ ಮಾಡಿಸಿದರೆ ಬೆಳಿಗ್ಗೆ ಎಂಟರ ಕ್ಲಾಸಿನಲ್ಲಿ ಅವನು ನಿದ್ದೆ ಹೊಡೆಯುತ್ತಾನೆ ಅನ್ನೋ ಲೆಕ್ಕ ತೋರಿಸಿ ಅದನ್ನು ನಿಲ್ಲಿಸಿದೆವು.

ಒಂದು ತಪ್ಪು ನನ್ನದೇ. ಜಿಪಿಎ ಕಮ್ಮಿ ಅಂತ ಒಬ್ಬ ಹುಡುಗನಿಗೆ ಬಿಡ್ ಬೇಡ ಅಂತ ನಾನೇ ಜೋರಾಗಿ ವಾದ ಮಾಡಿದೆ. ಅವನು ರಾತ್ರಿ ಪಾಳಿಯಲ್ಲಿ ಪೆಟ್ರೋಲ್ ಬಂಕಿನಲ್ಲಿ ದುಡಿಯುತ್ತಿದ್ದ ಅಂತ ಆಮೇಲೆ ತಿಳಿಯಿತು. ಒಂದು ಮಾತು ಕೇಳಿದ್ದರೆ ಹೇಳುತ್ತಿದ್ದ. ಅವನಿಗೇ ಆ ಮೇಜು ಎಲ್ಲರಿಗಿಂತ ಜಾಸ್ತಿ ಬೇಕಾಗಿತ್ತು.

ಹಳೇ ವಿದ್ಯಾರ್ಥಿಗಳ ವಿಷಯದಲ್ಲೂ ಮೊದಲು ಎಡವಿದೆ. 'ಮೆಂಟರ್‌ಶಿಪ್ ನೈಟ್' ಅಂತ, ಹಳಬರು ಹುಡುಗರಿಗೆ ದಾರಿ ತೋರಿಸೋ ಸಂಜೆ ಇಟ್ಟು ಇನ್ನೂರು ಜನಕ್ಕೆ ಒಂದೇ ಇಮೇಲ್ ಕಳಿಸಿದೆ, ನಾಲ್ಕು ಜನ ಬಂದರು, ಮೂವತ್ತು ಪೀಟ್ಜಾ ಉಳಿಯಿತು. ದೊಡ್ಡವರಿಗೆ ಬರೋದಕ್ಕೆ ಇಷ್ಟವಿಲ್ಲ ಅಂತಲ್ಲ. ಬಂದು ಏನು ಮಾಡಬೇಕು ಅಂತಲೇ ಅವರಿಗೆ ಗೊತ್ತಿರಲಿಲ್ಲ. ಆಮೇಲೆ ಹುಡುಗರ ಕೈಲೇ ಒಬ್ಬೊಬ್ಬರಿಗೆ ಬೇರೆ ಬೇರೆ ಬರೆಸಿದೆ, ಮೂರೇ ಸಾಲು: ನಾನು ಇಂಥವನು, ನನ್ನ ರೆಸ್ಯೂಮೆಯಲ್ಲಿ ಈ ಒಂದು ಕಡೆ ಸಂಶಯ, ಗುರುವಾರ ಇಪ್ಪತ್ತು ನಿಮಿಷ ಸಿಗುತ್ತೀರಾ? ಅರ್ಧಕ್ಕರ್ಧ ಜನ ಅದೇ ದಿನ ಉತ್ತರ ಕೊಟ್ಟರು. ಇಮೇಲ್ ನೋಡದ ಒಬ್ಬ ಅಜ್ಜ, ಎಪ್ಪತ್ತು ದಾಟಿದವರು, ಲ್ಯಾಂಡ್‌ಲೈನಿನಿಂದ ಫೋನ್ ಮಾಡಿ ತಮ್ಮ ಕಾಲದಲ್ಲಿ ಥರ್ಮೋಡೈನಮಿಕ್ಸ್ ಎರಡು ಸಲ ಫೇಲಾದದ್ದನ್ನು ನಮ್ಮ ಹುಡುಗನಿಗೆ ಮುಕ್ಕಾಲು ಗಂಟೆ ಹೇಳಿದರು. ಅವನು ಫೋನ್ ಇಟ್ಟು ಸೀದಾ ಮೇಜಿಗೆ ಬಂದು ಕೂತ.

ಈಗ ನಾನೇ ಹಳೇ ವಿದ್ಯಾರ್ಥಿ. ಹೋದ ವಾರ ಆ ಮನೆಯ ಹುಡುಗನೊಬ್ಬ ಇಮೇಲ್ ಬರೆದಿದ್ದ, ಇಪ್ಪತ್ತೆರಡು ಸಾಲು, ಕೇಳಿದ್ದೇನು ಅಂತ ಎರಡು ಸಲ ಓದಿದರೂ ಗೊತ್ತಾಗಲಿಲ್ಲ. ಗುರುವಾರ ಫೋನ್ ಮಾಡಪ್ಪಾ ಅಂತ ಬರೆದಿದ್ದೇನೆ.