ಎಂಟು ಕಾಲಿನ ಚಿಪ್ ಹುಡುಕಿಕೊಂಡು ಎಸ್‌ಪಿ ರೋಡಿಗೆ

ಕಂಪ್ಯೂಟರಿನ ಬಯೋಸ್ (ಆನ್ ಮಾಡಿದೊಡನೆ ಮೊದಲು ಓಡುವ ಪ್ರೋಗ್ರಾಂ) ಅಪ್‌ಡೇಟ್ ಅರ್ಧ ದಾಟಿತ್ತು, ಕರೆಂಟು ಹೋಯಿತು. ಯುಪಿಎಸ್ ಇತ್ತು. ಅದರ ಬ್ಯಾಟರಿ ಸತ್ತು ಆರು ತಿಂಗಳಾಗಿತ್ತು, ನಾಳೆ ಹಾಕಿಸೋಣ ಅಂತ ಬಿಟ್ಟಿದ್ದೆ. ಕರೆಂಟು ಬಂದ ಮೇಲೆ ಫ್ಯಾನ್ ತಿರುಗಿತು, ಪರದೆ ಮಾತ್ರ ಕಪ್ಪು.

ಮದರ್‌ಬೋರ್ಡೇ ಬದಲಾಯಿಸಿ ಎಂದರು ರಿಪೇರಿಯವರು. ಬೋರ್ಡಿಗೆ ಏನೂ ಆಗಿರಲಿಲ್ಲ, ಕಡಲೆಕಾಳಿಗಿಂತ ಚಿಕ್ಕ ಚಿಪ್ ಒಂದರೊಳಗೆ ಬರೆದಿದ್ದ ಬಯೋಸ್ ಕೆಟ್ಟಿತ್ತು. ಆ ಚಿಪ್ ಬೋರ್ಡಿಗೇ ಬೆಸುಗೆಯಾಗಿತ್ತು. ಇಂಥ ಚಿಪ್‌ಗಳನ್ನು ಓದಿ ಬರೆಯುವ ಪುಟ್ಟ ಯುಎಸ್‌ಬಿ ಸಾಧನ, ಸಿಎಚ್341ಎ ಪ್ರೋಗ್ರಾಮರ್ ತರಿಸಿ, ಚಿಪ್ ಮೇಲೆ ಕ್ಲಿಪ್ ಕಚ್ಚಿಸಿ ನೋಡಿದೆ. ಒಂದು ಸಲ ಓದಿದ್ದಕ್ಕೂ ಇನ್ನೊಂದು ಸಲ ಓದಿದ್ದಕ್ಕೂ ತಾಳೆಯೇ ಇಲ್ಲ. ಚಿಪ್ ಬೋರ್ಡಿನಲ್ಲೇ ಇದ್ದರೆ ಪ್ರೋಗ್ರಾಮರ್ ಕೊಡುವ ಕರೆಂಟು ಸುತ್ತಲಿನ ಭಾಗಗಳಿಗೂ ಹರಿದುಹೋಗುತ್ತದೆ, ಅದಕ್ಕೇ ಹೀಗಾಗುವುದುಂಟು. ಎರಡು ರಾತ್ರಿ ಒದ್ದಾಡಿ ಕೈಬಿಟ್ಟೆ.

ಹಾಗಾಗಿ ಮುಂದಿನ ಬೋರ್ಡಿಗೆ ನನ್ನದು ಒಂದೇ ಷರತ್ತು: ಚಿಪ್ ಸಾಕೆಟ್‌ನಲ್ಲಿ ಕೂತಿರಬೇಕು, ಕೈಯಲ್ಲಿ ತೆಗೆಯಲು ಬರಬೇಕು. ಬಾಕ್ಸ್ ಮೇಲೆ ಇದನ್ನು ಬರೆದಿರುವುದಿಲ್ಲ, ಬೋರ್ಡನ್ನೇ ನೋಡಬೇಕು. ಸುಲಭದ ಗುರುತು ಇದೆ. ಬೆಸುಗೆಯ ಚಿಪ್ ಬೋರ್ಡಿಗೆ ಅಂಟಿಕೊಂಡಂತೆ ಮಟ್ಟಸವಾಗಿರುತ್ತದೆ. ಸಾಕೆಟ್‌ನಲ್ಲಿ ಕೂರುವ ಚಿಪ್‌ಗೆ (ಡಿಐಪಿ-8 ಅನ್ನುತ್ತಾರೆ) ಆಚೆಗೆ ನಾಲ್ಕು, ಈಚೆಗೆ ನಾಲ್ಕು ಕಾಲು. ಪುಟ್ಟ ಪ್ಲಾಸ್ಟಿಕ್ ತೊಟ್ಟಿಲಿನಲ್ಲಿ ಎತ್ತರಕ್ಕೆ ಕೂತಿರುತ್ತದೆ. ಡ್ಯುಯಲ್ ಬಯೋಸ್, ಅಂದರೆ ಎರಡು ಬಯೋಸ್ ಚಿಪ್, ಇದೆ ತಗೊಳ್ಳಿ ಎಂದವರೂ ಇದ್ದರು. ಎರಡನ್ನೂ ಬೆಸುಗೆ ಹಾಕಿದ್ದರೆ, ಎರಡೂ ಕೆಟ್ಟ ದಿನ ಮತ್ತೆ ಅದೇ ಗೋಳು ಅಲ್ವಾ?

ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸೆಕೆಂಡ್‌ಹ್ಯಾಂಡ್ ಬೋರ್ಡುಗಳನ್ನು ಒಂದೊಂದಾಗಿ ತಿರುಗಿಸಿ ನೋಡುತ್ತಿದ್ದೆ. "ಸರ್, ಎಲ್ಲರೂ ಪ್ರೊಸೆಸರ್ ಯಾವುದು ಹಾಕಬಹುದು ಅಂತ ಕೇಳ್ತಾರೆ, ನೀವೇನು ಇಷ್ಟು ಹೊತ್ತು ಮೂಲೆ ನೋಡ್ತೀರಿ?" ಎಂದ ಅಂಗಡಿ ಹುಡುಗ. ಕೊನೆಗೆ ಸಿಕ್ಕಿದ್ದು ಆಸುಸ್ ಪಿ8ಎಚ್61-ಎಂ ಎಲ್‌ಎಕ್ಸ್. ಹಳೆಯದು, ಎರಡು-ಮೂರನೇ ತಲೆಮಾರಿನ ಇಂಟೆಲ್ ಪ್ರೊಸೆಸರ್‌ಗಷ್ಟೇ. ಟೈಪಿಂಗ್, ಲೆಕ್ಕಪತ್ರಕ್ಕೆ ನನಗೆ ಇಷ್ಟು ಧಾರಾಳ. ಕಂಪನಿಯ ಬಯೋಸ್ ಬದಲು ಮುಕ್ತ ತಂತ್ರಾಂಶವಾದ ಕೋರ್‌ಬೂಟ್ ಕೂಡ ಇದಕ್ಕೆ ಹಾಕಬಹುದು ಅನ್ನೋದು ಇನ್ನೊಂದು ಆಸೆ.

ಮನೆಗೆ ಬಂದು ಮೊದಲು ಮಾಡಿದ್ದು ಚಿಪ್ ತೆಗೆಯುವ ಕೆಲಸ. ಪ್ಲಗ್ ಕಿತ್ತು, ಸಣ್ಣ ಚಪ್ಪಟೆ ಸ್ಕ್ರೂಡ್ರೈವರನ್ನು ಚಿಪ್‌ನ ಒಂದು ತುದಿಯ ಕೆಳಗೆ ತೂರಿಸಿ ಕೂದಲೆಳೆಯಷ್ಟು ಎತ್ತಿದೆ. ಆಮೇಲೆ ಇನ್ನೊಂದು ತುದಿ. ಮತ್ತೆ ಈ ತುದಿ. ಒಂದೇ ಕಡೆಯಿಂದ ಮೀಟಿದರೆ ಕಾಲು ಸೊಟ್ಟಗಾಗುತ್ತದೆ, ಎರಡು ಸಲ ನೆಟ್ಟಗೆ ಮಾಡಿದರೆ ಮುರಿದೇ ಹೋಗಬಹುದು. ತೆಗೆಯುವ ಮುಂಚೆ ಫೋನಿನಲ್ಲಿ ಒಂದು ಫೋಟೋ ತೆಗೆದುಕೊಳ್ಳಿ. ಚಿಪ್ ಮೇಲಿನ ಕಚ್ಚು ಯಾವ ಕಡೆಗಿತ್ತು ಅನ್ನೋದು ಆಮೇಲೆ ಖಂಡಿತ ಮರೆಯುತ್ತದೆ. ತಿರುಗಾಮುರುಗಾ ಕೂರಿಸಿದರೆ ಚಿಪ್ ಸುಟ್ಟುಹೋಗಬಹುದು.

ಪ್ರತಿಯೊಂದು ಇಟ್ಟುಕೊಳ್ಳೋಣ ಅಂತ ಚಿಪ್ಪನ್ನು ಪ್ರೋಗ್ರಾಮರ್‌ಗೆ ಹಾಕಿ, ಲಿನಕ್ಸ್‌ನಲ್ಲಿ ಫ್ಲ್ಯಾಶ್‌ರಾಮ್ ಎಂಬ ತಂತ್ರಾಂಶ ಬಳಸಿ ಎರಡು ಸಲ ಓದಿದೆ. ಈ ಸಲ ಎರಡೂ ಫೈಲು ತದ್ರೂಪ, 4 ಎಂಬಿ. ಕಂಪನಿಯ ಸೈಟಿನಲ್ಲಿ ಬಯೋಸ್ ಸಿಗುತ್ತಲ್ಲ, ಇದೇಕೆ ಅನ್ನಬೇಡಿ. ನೆಟ್‌ವರ್ಕಿನ ಮ್ಯಾಕ್ ವಿಳಾಸ (ಬೋರ್ಡು ಬೋರ್ಡಿಗೂ ಬೇರೆಯಾದ ಗುರುತಿನ ಸಂಖ್ಯೆ) ಎಷ್ಟೋ ಬೋರ್ಡುಗಳಲ್ಲಿ ಇದೇ ಚಿಪ್‌ನಲ್ಲಿರುತ್ತದೆ, ಸೈಟಿನ ಫೈಲಿನಲ್ಲಿ ನಿಮ್ಮ ಬೋರ್ಡಿನದು ಇರುವುದಿಲ್ಲ. ಪ್ರೋಗ್ರಾಮರ್ ಬಗ್ಗೆಯೂ ಒಂದು ಮಾತು: ಅಗ್ಗದ ಕಪ್ಪು ಸಿಎಚ್341ಎಗಳಲ್ಲಿ ಡೇಟಾ ಕಾಲುಗಳಿಗೆ 5 ವೋಲ್ಟ್ ಹೋಗುವುದುಂಟು, ಚಿಪ್ ಮಾತ್ರ 3.3 ವೋಲ್ಟಿನದು. ಮಲ್ಟಿಮೀಟರ್ ಹಿಡಿದು ನೋಡಿಯೇ ಚಿಪ್ ಕೂರಿಸಿ.

ಹೊಸ ಬೋರ್ಡುಗಳಲ್ಲಿ ಸಾಕೆಟ್ ಹುಡುಕಿದರೂ ಸಿಗುವುದು ಕಷ್ಟ. ಹೊಸದೇ ಬೇಕಾದರೆ ಪ್ರೊಸೆಸರ್ ಇಲ್ಲದೆಯೂ ಪೆನ್‌ಡ್ರೈವ್‌ನಿಂದ ಬಯೋಸ್ ಬರೆಯುವ ಫ್ಲ್ಯಾಶ್‌ಬ್ಯಾಕ್ ಬಟನ್ ಇರುವುದನ್ನು ನೋಡಿ. ತಮ್ಮನಿಗೆ ಅಂಥದ್ದನ್ನೇ ಕೊಡಿಸಿದೆ.

ನನ್ನ ಬೋರ್ಡಿಗೆ ಅದೇ ನಂಬರಿನ ಇನ್ನೊಂದು ಚಿಪ್ ತಂದು, ಓದಿಟ್ಟಿದ್ದನ್ನು ಅದಕ್ಕೂ ಬರೆದೆ. ಕಪ್ಪು ಫೋಮಿಗೆ ಚುಚ್ಚಿ, ಬೆಂಕಿಪೊಟ್ಟಣದೊಳಗೆ ಹಾಕಿ ಕ್ಯಾಬಿನೆಟ್‌ ಒಳಗೇ ಟೇಪ್‌ನಲ್ಲಿ ಅಂಟಿಸಿದ್ದೇನೆ. ಯುಪಿಎಸ್ ಬ್ಯಾಟರಿಯನ್ನೂ ಕೊನೆಗೆ ಹಾಕಿಸಿದೆ.